ಮಲಗಿ ನೋಡಿ ಆರಿಸಿದ ಪೆಟ್ಟಿಗೆ

ದೊಡ್ಡಪ್ಪನ ಅಂಗಡಿಯಲ್ಲಿ ಹಾಸಿಗೆ ಕೊಳ್ಳಬೇಕಾದರೆ ಅದರ ಮೇಲೆ ಮಲಗಿ ಒಂದು ನಿದ್ದೆ ತೆಗೆಯಲೇಬೇಕು. ಕೈಯಲ್ಲಿ ಒತ್ತಿ ನೋಡುವುದು, ಅಂಚಿನಲ್ಲಿ ಕುಳಿತು ಕುಪ್ಪಳಿಸುವುದು, ಇವಕ್ಕೆಲ್ಲ ಅವರು ಬೆಲೆ ಕೊಡುವುದಿಲ್ಲ. ಅಂಗಡಿಯ ಹಿಂಬದಿಯಲ್ಲಿ ಕಿಟಕಿಗೆ ತೆಳು ಪರದೆ ಹಾಕಿದ ಒಂದು ಕೋಣೆ ಇದೆ. ಗಿರಾಕಿ ಚಪ್ಪಲಿ ಹೊರಗೆ ಬಿಟ್ಟು ಅಲ್ಲಿ ಹಾಸಿಟ್ಟ ಹಾಸಿಗೆಯ ಮೇಲೆ ಮಲಗಬೇಕು. ದೊಡ್ಡಪ್ಪ ಮೂಲೆಯ ಸ್ಟೂಲಿನ ಮೇಲೆ ದಬ್ಬಣ ಹಿಡಿದು ಕುಳಿತು, ಯಾವುದೋ ದಿಂಬಿಗೆ ಹೊಲಿಗೆ ಹಾಕುತ್ತ, ಗಿರಾಕಿಯ ಉಸಿರನ್ನು ಕೇಳುತ್ತಾರೆ. ಉಸಿರು ಮೊದಲು ಎದೆಯಲ್ಲಿ ಆಡುತ್ತಿರುತ್ತದಂತೆ. ಹಾಸಿಗೆ ಹೊಂದಿದರೆ ನಿಧಾನವಾಗಿ ಹೊಟ್ಟೆಗೆ ಇಳಿಯುತ್ತದಂತೆ. ಇಳಿಯದಿದ್ದರೆ ದೊಡ್ಡಪ್ಪ ಆ ಹಾಸಿಗೆಯನ್ನು ಮಾರುವುದಿಲ್ಲ. ಅರಳೆ ಬದಲಿಸಿ ಇನ್ನೊಂದು ಮಾಡಿಕೊಡುತ್ತಾರೆ.

ಒಮ್ಮೆ ಬಸ್ ಡ್ರೈವರ್ ಒಬ್ಬರು ಹೀಗೆ ಮಲಗಿದವರು ಅಂಗಡಿ ಮುಚ್ಚುವ ಹೊತ್ತಾದರೂ ಏಳಲಿಲ್ಲ. ಹುಡುಕಿಕೊಂಡು ಬಂದ ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಎಬ್ಬಿಸಬೇಡಿ, ಈ ಮುಖ ನೋಡಿ ಬಹಳ ವರ್ಷ ಆಯ್ತು" ಎಂದು ತಾವೂ ಪಕ್ಕದಲ್ಲಿ ಕೂತರಂತೆ. ಈ ಕಥೆ ಹೇಳಿದಾಗಲೆಲ್ಲ ದೊಡ್ಡಪ್ಪ ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ಮನುಷ್ಯ ಸುಳ್ಳು ಹೇಳಬಹುದು. ಉಸಿರು ಹೇಳಲ್ಲ."

ಹೀಗೆ ಊರಿಗೆಲ್ಲ ನಿದ್ದೆ ಹಂಚುವ ಮನುಷ್ಯನ ಹೆಂಡತಿಗೇ ನಿದ್ದೆ ಇರಲಿಲ್ಲ. ಎದುರಿನ ಬೇಕರಿಯವನು ಇದನ್ನು ಹೇಳಿ ಹೇಳಿ ನಗುತ್ತಿದ್ದ. ದೊಡ್ಡಪ್ಪ ನಗುತ್ತಿರಲಿಲ್ಲ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿಯನ್ನು ಕೇಳಿ ಪಡೆದಿದ್ದರು. ರಾತ್ರಿ ಬರುವ ಕರೆಗಳು ಕಡಿಮೆ, ಆದರೆ ಬಂದ ಕರೆಯೆಲ್ಲ ನಿಜವಾದ ಕರೆ ಎನ್ನುವುದು ಅವರ ಲೆಕ್ಕ. ಕರೆ ಬರದ ಹೊತ್ತಿನಲ್ಲಿ ಅವರು ಸುಮ್ಮನೆ ಕೂರುತ್ತಿರಲಿಲ್ಲ. ಒಂದೊಂದೇ ವಾರ್ಡಿಗೆ ಗುಂಡಿ ಒತ್ತಿ, "ಬೋರ್ಡಿಂದ. ಲೈನ್ ಇದೆಯಾ?" ಎಂದು ಕೇಳುತ್ತಿದ್ದರು. ಆ ಕಡೆಯ ನರ್ಸು "ಇದೆ" ಎನ್ನುತ್ತಿದ್ದಳು. ಅಷ್ಟೇ ಮಾತು. ಕೊನೆಯ ವಾರ್ಡು ಮುಗಿದರೆ ಮತ್ತೆ ಮೊದಲಿನಿಂದ. ಬೆಳಿಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ಅಂಗಡಿಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಕಲ್ಲಿನ ಹಾಗೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಕೆಳಗೆ ದೊಡ್ಡಪ್ಪ ಅರಳೆ ಹಿಂಜುತ್ತಿದ್ದರು. ಹಿಂಜುವ ಬಿಲ್ಲಿನ ತಂತಿ ಡಂಯ್ ಡಂಯ್ ಎನ್ನುತ್ತ ಮೇಲಿನ ನೆಲವನ್ನೂ ಸಣ್ಣಗೆ ನಡುಗಿಸುತ್ತಿತ್ತು.

ದೊಡ್ಡಮ್ಮ ನಿವೃತ್ತರಾದ ದಿನ ದೊಡ್ಡಪ್ಪ ಒಂದು ತೀರ್ಮಾನ ಮಾಡಿದರು. ಇಷ್ಟು ವರ್ಷ ಹೆಂಡತಿ ಗದ್ದಲದಲ್ಲಿ ಮಲಗಿದ್ದಾಳೆ, ಇನ್ನು ಮೇಲೆ ಅವಳ ನಿದ್ದೆಗೆ ಒಂದು ಸೂಜಿ ಬಿದ್ದ ಸದ್ದೂ ತಾಗಬಾರದು. ಬಿಲ್ಲನ್ನು ಬೀದಿಯ ಕೊನೆಯ ಗೋದಾಮಿಗೆ ಸಾಗಿಸಿದರು. ಮೆಟ್ಟಿಲಿನ ಬಾಗಿಲಿಗೆ ದಪ್ಪದ ರಜಾಯಿ ತೂಗುಹಾಕಿದರು. ಗಿರಾಕಿಗಳು ಪಿಸುಗುಟ್ಟಿ ಮಾತಾಡಬೇಕೆಂದು ಹೇಳಿದರು. ಮನೆಗೆ ಬಂದವರೆಲ್ಲ ಬೆಕ್ಕಿನ ಹಾಗೆ ಹೆಜ್ಜೆ ಇಡುವುದನ್ನು ಕಲಿತೆವು. ಅಂದಿನಿಂದ ದೊಡ್ಡಮ್ಮನ ನಿದ್ದೆ ಹೋಯಿತು. ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ದೊಡ್ಡಪ್ಪ ತಮಗೆ ಗೊತ್ತಿದ್ದ ಮದ್ದನ್ನೇ ಮಾಡಿದರು. ಹಾಸಿಗೆ ಬದಲಿಸಿದರು. ಗಟ್ಟಿ ಹಾಸಿಗೆ, ಮೆತ್ತನೆಯ ಹಾಸಿಗೆ, ಉಣ್ಣೆ ಬೆರೆಸಿದ್ದು, ತೆಂಗಿನ ನಾರಿನದು. ದೊಡ್ಡಮ್ಮ ಎಲ್ಲದರ ಮೇಲೂ ಮಲಗಿ, ಎದ್ದು, ಚೆನ್ನಾಗಿದೆ ಎಂದು ಹೇಳಿ, ಕಣ್ಣಿನ ಕೆಳಗಿನ ಕಪ್ಪನ್ನು ನೀರಿನಿಂದ ತೊಳೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅವರು ತಮ್ಮ ಅಮ್ಮನ, ಎಂದರೆ ನನ್ನ ಅಜ್ಜಿಯ ಜೊತೆ ಫೋನಿನಲ್ಲಿದ್ದರು. ಹೇಳುವುದೆಲ್ಲ ಮುಗಿದಿತ್ತು. ಅಜ್ಜಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಟಾಣಿ ಸುಲಿಯುತ್ತಿದ್ದರು. ಫೋನನ್ನು ಇಟ್ಟುಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ದೊಡ್ಡಮ್ಮ ಅದನ್ನು ದಿಂಬಿನ ಮೇಲಿಟ್ಟುಕೊಂಡು ಕೇಳುತ್ತಿದ್ದರು: ಸಿಪ್ಪೆ ಬಿರಿಯುವ ಸದ್ದು, ಕಾಳು ಸ್ಟೀಲ್ ಪಾತ್ರೆಗೆ ಬೀಳುವ ಸದ್ದು, ನಡುನಡುವೆ ಅಜ್ಜಿಯ ಬಳೆ. ಹಾಗೇ ನಿದ್ದೆ ಹೋದರು. ದೊಡ್ಡಪ್ಪ ಬಂದು ನೋಡಿದಾಗ ಬಾಯಿ ಸ್ವಲ್ಪ ತೆರೆದು ಮಲಗಿದ್ದರಂತೆ.

ಮರುದಿನವೇ ದೊಡ್ಡಪ್ಪ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ರೆಕಾರ್ಡರ್ ಒಂದನ್ನು ತಂದು, ಬುಟ್ಟಿ ತುಂಬ ಬಟಾಣಿಯ ಜೊತೆ ಅಜ್ಜಿಯ ಮನೆಗೆ ಹೋದರು. ಮಾತಾಡಬೇಡಿ, ಸುಮ್ಮನೆ ಸುಲಿಯಿರಿ ಎಂದರು. ಅಳಿಯನಿಗೆ ಏನೋ ಆಗಿದೆ ಎಂದುಕೊಂಡು ಅಜ್ಜಿ ಬುಟ್ಟಿ ಖಾಲಿಯಾಗುವವರೆಗೆ ಬಾಯಿ ಬಿಡದೆ ಸುಲಿದರು.

ಆ ಸದ್ದು ಹಾಕಿದರೆ ದೊಡ್ಡಮ್ಮ ಕಣ್ಣು ಮುಚ್ಚುತ್ತಿದ್ದರು. ದೊಡ್ಡಪ್ಪನಿಗೆ ಅದೊಂದು ಹುಚ್ಚಾಯಿತು. ಬಿಡುವು ಸಿಕ್ಕಾಗಲೆಲ್ಲ ರೆಕಾರ್ಡರ್ ಹಿಡಿದು ಹೊರಡುತ್ತಿದ್ದರು. ಸೇತುವೆಯ ಕೆಳಗಿನ ತೆಳುವಾದ ನೀರು, ಗ್ರಂಥಾಲಯದ ಫ್ಯಾನು, ಕ್ಷೌರದಂಗಡಿಯ ಕತ್ತರಿ, ರೈಲು ಹೋದ ಮೇಲೆ ಪ್ಲಾಟ್‌ಫಾರ್ಮ್ ಗುಡಿಸುವ ಪೊರಕೆ, ಸೂರಿನ ಮೇಲೆ ನಡೆದಾಡುವ ಪಾರಿವಾಳ. ಎಲ್ಲವನ್ನೂ ಹಳೆಯ ಕಂಪ್ಯೂಟರಿನ ಡಿಸ್ಕಿಗೆ ತುಂಬಿ, ರೆಕಾರ್ಡರನ್ನು ಅಳಿಸಿ, ಮತ್ತೆ ಹೊರಡುತ್ತಿದ್ದರು. ಇನ್ನೊಂದು ಕಡೆ ಪ್ರತಿ ಇಟ್ಟುಕೊಳ್ಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಎರಡು ಕಡೆ ಇಟ್ಟ ವಸ್ತುವೇ ಕಳೆದುಹೋಗುವುದು ಎಂಬುದು ಅವರ ಅನುಭವ; ಕತ್ತರಿ, ಕನ್ನಡಕ, ಬೀಗದ ಕೈ, ಎಲ್ಲ ಹಾಗೇ ಹೋಗಿದ್ದವು.

ಅಜ್ಜಿ ತೀರಿಕೊಂಡ ಮೇಲೆ ದೊಡ್ಡಮ್ಮ ಬೇರೆ ಯಾವ ಸದ್ದನ್ನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಬಟಾಣಿಯೇ. ದೊಡ್ಡಪ್ಪ ಅದನ್ನು ಹಾಕಿ, ಪರದೆ ಎಳೆದು, ತುದಿಬೆರಳಿನಲ್ಲಿ ನಡೆದು ಹೊರಬಂದು, ಬಾಗಿಲನ್ನು ರಜಾಯಿಯ ಹಿಂದೆ ಮೆಲ್ಲಗೆ ಮುಚ್ಚುತ್ತಿದ್ದರು.

ಹೀಗಿರುವಾಗ ಒಂದು ದಿನ ದೊಡ್ಡಮ್ಮ ಬಟಾಣಿಯ ಹಿಂದೆ ಇನ್ನೊಂದು ಸದ್ದು ಕೇಳುತ್ತಿದೆ ಎಂದರು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಅದು ಅಜ್ಜಿಯ ಅಡುಗೆಮನೆಯದಲ್ಲ, ಕಂಪ್ಯೂಟರಿನ ಒಳಗಿನದು.

ದೊಡ್ಡಪ್ಪ ಪ್ಲಗ್ ಮಾವನನ್ನು ಕರೆಸಿದರು. ಪ್ಲಗ್ ಮಾವ ಎಂದರೆ ದೊಡ್ಡಮ್ಮನ ತಮ್ಮ. ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ಯಾವ ಯಂತ್ರಕ್ಕೆ ಏನೇ ಆದರೂ ಮೊದಲು ಪ್ಲಗ್ ಕಿತ್ತು ಮತ್ತೆ ಹಾಕಿ ಎನ್ನುವುದರಿಂದ ನಮ್ಮ ಮನೆಯಲ್ಲಿ ಅವರಿಗೆ ಆ ಹೆಸರು. ಈ ಸಲ ಅವರು ಪ್ಲಗ್ಗಿನ ಮಾತು ಎತ್ತಲಿಲ್ಲ. ಡಿಸ್ಕಿಗೆ ಕಿವಿ ಇಟ್ಟು ಕೇಳಿ, ಇದರ ಆಯಸ್ಸು ಮುಗಿಯುತ್ತ ಬಂದಿದೆ, ಇನ್ನು ಇದರಿಂದ ಏನನ್ನೂ ದಿನಾ ಹಾಕಿ ಕೇಳಬೇಡಿ, ಒಂದೊಂದು ಸಲ ತಿರುಗಿದಷ್ಟೂ ಸವೆಯುತ್ತದೆ ಎಂದರು. ಅಂದಿನಿಂದ ಬಟಾಣಿ ನಿಂತಿತು. ದೊಡ್ಡಮ್ಮ ಆಯಿತು ಎಂದರು. ಆ ವಾರವೇ ಅವರು ಕಾಫಿಗೆ ಉಪ್ಪು ಹಾಕಿದ್ದು, ಬೀಗದ ಕೈಯನ್ನು ಅಕ್ಕಿಯ ಡಬ್ಬದಲ್ಲಿಟ್ಟು ಮರೆತದ್ದು.

ಮಾವ ಕಚೇರಿಯಲ್ಲಿ ಬೇಡವೆಂದು ಪಕ್ಕಕ್ಕಿಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಕೇಳಿ ತಂದರು. ಇನ್ನು ಮನೆಯ ಫೈಲುಗಳೆಲ್ಲ ಇದರಲ್ಲೇ ಇರಬೇಕು. ಯಾವ ಕೋಣೆಯಲ್ಲಿ ಯಾವುದು ಬೇಕೆಂದರೂ ಇದು ಅಲ್ಲಿಗೆ ಕಳಿಸುತ್ತದೆ. ಹಾಸಿಗೆಯ ಪಕ್ಕದ ಸ್ಪೀಕರಿಗೂ ಇದೇ ಕಳಿಸುತ್ತದೆ. ಪೆಟ್ಟಿಗೆ ಸಿಕ್ಕಿತು, ಅದರೊಳಗೆ ಹಾಕಲು ಅಳತೆಗೊಂದರಂತೆ ಕೆಲವು ಹಳೆಯ ಡಿಸ್ಕುಗಳೂ ಸಿಕ್ಕಿದವು. ಉಳಿದದ್ದು ಒಂದೇ, ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಎಂಬ ಪ್ರಶ್ನೆ.

ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ದೊಡ್ಡಪ್ಪ ಕೇಳಿದರು. ಮಾವ ಬಹಳ ಹೊತ್ತು ವಿವರಿಸಿದರು. ಎಲ್ಲ ಕೇಳಿ ದೊಡ್ಡಪ್ಪ, ಹಾಗಾದರೆ ಡಿಸ್ಕು ಅರಳೆ, ಸಿಸ್ಟಂ ಹೊಲಿಗೆ ಎಂದರು. ಅರಳೆ ಎಷ್ಟೇ ಒಳ್ಳೆಯದಿರಲಿ, ಹೊಲಿಗೆ ಸರಿಯಿಲ್ಲದಿದ್ದರೆ ಒಂದು ಮೂಲೆಗೆ ಹೋಗಿ ಗಂಟಾಗುತ್ತದೆ. ಒಮ್ಮೆ ಹೊಲಿದ ಮೇಲೆ ಬದಲಿಸಬೇಕೆಂದರೆ ಪೂರ್ತಿ ಬಿಚ್ಚಿ ಅರಳೆಯನ್ನೆಲ್ಲ ಹೊರಗೆ ತೆಗೆಯಬೇಕು. ಮಾವ ಸ್ವಲ್ಪ ಯೋಚಿಸಿ, ಹೆಚ್ಚು ಕಡಿಮೆ ಹಾಗೇ ಎಂದು ಒಪ್ಪಿಕೊಂಡರು. ಅದಕ್ಕೇ ನೋಡಿ ಆರಿಸಬೇಕು ಎಂದೂ ಹೇಳಿದರು. ಆ ಮಾತನ್ನು ಆಡಬಾರದಿತ್ತು ಎಂದು ಅವರಿಗೆ ಆಮೇಲೆ ಅನಿಸಿತು.

ಮಾವನ ಪೆನ್‌ಡ್ರೈವುಗಳಲ್ಲಿ ಮೂರು ಸಿಸ್ಟಂಗಳಿದ್ದವು. ಮೂರಕ್ಕೂ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರು. ದೊಡ್ಡಪ್ಪ ಅವುಗಳ ಗುಣ ಕೇಳಿ ತಾವೇ ಹೆಸರಿಟ್ಟರು. ಮೊದಲನೆಯದು ಬರೀ ಲಿನಕ್ಸ್. ತಾನಾಗಿ ಏನನ್ನೂ ಮಾಡುವುದಿಲ್ಲ, ಪ್ರತಿ ಇಡಬೇಕೆಂದರೂ ನಾವೇ ನೆನಪಿಟ್ಟು ಹೇಳಬೇಕು, ಆದರೆ ಒಂದು ಡಿಸ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೂ ಸುಲಭವಾಗಿ ಓದಿಕೊಳ್ಳುತ್ತದೆ. ಅದು ಬ್ರಹ್ಮಚಾರಿ. ಎರಡನೆಯದು ಯಾವ ಅಳತೆಯ ಡಿಸ್ಕಿನ ಜೊತೆಗಾದರೂ ಹೊಂದಿಕೊಳ್ಳುತ್ತದೆ, ಒಂದು ಡಿಸ್ಕು ಹೋದರೆ ಉಳಿದವುಗಳಿಂದ ಲೆಕ್ಕ ಹಾಕಿ ಅದನ್ನು ಮತ್ತೆ ಕಟ್ಟುತ್ತದೆ, ಕೆಲಸವಿಲ್ಲದಿದ್ದಾಗ ಡಿಸ್ಕುಗಳನ್ನು ಮಲಗಿಸುತ್ತದೆ. ಅದು ಅಳಿಯ. ಮೂರನೆಯದು ಒಂದೇ ಅಳತೆಯ ಜೋಡಿ ಡಿಸ್ಕು ಬೇಕೆನ್ನುತ್ತದೆ, ಪ್ರತಿಯೊಂದನ್ನೂ ಎರಡೂ ಕಡೆ ಬರೆದು ಗುರುತು ಹಾಕುತ್ತದೆ, ಆಗಾಗ ಎಲ್ಲವನ್ನೂ ಮೊದಲಿನಿಂದ ಓದಿ, ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆಯದನ್ನು ನೋಡಿ ಸರಿಮಾಡುತ್ತದೆ, ಡಿಸ್ಕುಗಳನ್ನು ಮಲಗಲು ಬಿಡುವುದಿಲ್ಲ.

"ತೊಳೆದ ಪಾತ್ರೆನ ಇನ್ನೊಂದು ಸಲ ಮೂಸಿ ನೋಡೋದು. ಇದು ಅತ್ತೆ" ಎಂದರು ದೊಡ್ಡಪ್ಪ.

ಮಾವನಿಗೆ ಅತ್ತೆಯೇ ಇಷ್ಟ. ದೊಡ್ಡಪ್ಪನಿಗೆ ಅಳಿಯನ ಮೇಲೆ ಕಣ್ಣು. ಮಲಗಲು ಬರುವ ಯಂತ್ರ ಇರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಬಾಯಿಮಾತಿಗೆ ಅವರು ಯಾವುದನ್ನೂ ಒಪ್ಪುವವರಲ್ಲ. ಒಂದೊಂದನ್ನೂ ಹಾಕಿ, ಪೆಟ್ಟಿಗೆಯನ್ನು ದೊಡ್ಡಮ್ಮನ ಹಾಸಿಗೆಯ ಪಕ್ಕದಲ್ಲಿಟ್ಟು, ಮಲಗಿ ನೋಡಬೇಕು ಎಂದರು.

"ಭಾವ, ಇದು ಹಾಸಿಗೆ ಅಲ್ಲ."

"ಹಾಸಿಗೆ ಪಕ್ಕದಲ್ಲಿ ಇರುತ್ತಲ್ಲಯ್ಯ."

ಮಾವ ಕೈಚೆಲ್ಲಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಏನಾದರೂ ಮಾಡಿಕೊಳ್ಳಿ, ಮೊದಲು ಆ ಹಳೆಯ ಡಿಸ್ಕಿನದೆಲ್ಲ ಇನ್ನೊಂದು ಕಡೆ ಹಾಕಿಬಿಡಿ ಎಂದರು. ದೊಡ್ಡಪ್ಪ ಹೂಂ ಎಂದರು. ದೊಡ್ಡಪ್ಪನ ಹೂಂಗೆ ಕೇಳಿಸಿತು ಎಂದಷ್ಟೇ ಅರ್ಥವೆಂದು ಗಿರಾಕಿಗಳಿಗೆಲ್ಲ ಗೊತ್ತು. ಮಾವನಿಗೆ ಗೊತ್ತಿರಲಿಲ್ಲ.

ಬ್ರಹ್ಮಚಾರಿ ಬಹಳ ದಿನ ಉಳಿಯಲಿಲ್ಲ. ಅದರ ಪರದೆ ಬರೀ ಕಪ್ಪು, ಒಂದು ಬಿಳಿ ಗೆರೆ ಮಿನುಗುತ್ತ ಏನು ಮಾಡಲಿ ಎಂದು ಕಾಯುತ್ತಿತ್ತು. ದೊಡ್ಡಪ್ಪ ಎದುರಿಗೆ ಕುಳಿತು ತಾವೂ ಕಾಯುತ್ತಿದ್ದರು. ಇಬ್ಬರಿಗೂ ಮಾತು ಬೆಳೆಯಲಿಲ್ಲ. ಆಮೇಲೆ ಮಾವ ಬಂದು ಅಳಿಯನನ್ನು ಹಾಕಿಕೊಟ್ಟು, ಟಕ್ ಎನ್ನುವ ಡಿಸ್ಕನ್ನೂ ಪೆಟ್ಟಿಗೆಗೆ ಸಿಕ್ಕಿಸಿ, ಸದ್ದುಗಳನ್ನು ಒಂದೊಂದಾಗಿ ಈಚೆಗೆ ತೆಗೆದುಕೊಳ್ಳುವುದು ಹೇಗೆಂದು ತೋರಿಸಿ ಹೋದರು.

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣು ಎಳೆಯುತ್ತದೆ. ಮೇಲಿನ ಕೋಣೆಯ ಪರದೆಯ ಸಂದಿನಿಂದ ಬಿಸಿಲಿನ ಒಂದು ಕೋಲು ಒಳಗೆ ಬರುತ್ತಿತ್ತು. ಅದರಲ್ಲಿ ಅರಳೆಯ ಎಳೆಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಗುಂಯ್ ಎನ್ನುವುದು ಇಳಿಯುತ್ತ ಇಳಿಯುತ್ತ ಒಂದು ನಿಟ್ಟುಸಿರಿನಲ್ಲಿ ನಿಲ್ಲುತ್ತಿತ್ತು. ಡಿಸ್ಕುಗಳು ಮಲಗಿದವು ಎಂದು ದೊಡ್ಡಪ್ಪ ಬೆರಳನ್ನು ತುಟಿಯ ಮೇಲಿಟ್ಟು ನಗುತ್ತಿದ್ದರು. ಆ ಕ್ಷಣಕ್ಕೆ ಸರಿಯಾಗಿ ದೊಡ್ಡಮ್ಮ ಕಣ್ಣು ತೆರೆಯುತ್ತಿದ್ದರು. ಮೌನ ಬಿದ್ದೊಡನೆ ಯಾರೋ ಕರೆದ ಹಾಗೆ. ಮುಂದಿನ ಫೈಲಿಗೆ ಡಿಸ್ಕು ಮತ್ತೆ ಎದ್ದು ತಿರುಗಿದರೆ ಎದ್ದೇ ಕೂರುತ್ತಿದ್ದರು.

ಸದ್ದು ಜಾಸ್ತಿಯಾಯಿತು ಎಂದು ದೊಡ್ಡಪ್ಪ ತಿಳಿದರು. ಸದ್ದಿಗೆ ಅವರ ಹತ್ತಿರ ಇದ್ದ ಮದ್ದು ಒಂದೇ. ಅಂಗಡಿಗೆ ಇಳಿದು, ಒಳ್ಳೆಯ ಅರಳೆಯನ್ನು ತೂಕ ಹಾಕಿ, ಪೆಟ್ಟಿಗೆಯ ಅಳತೆಗೆ ನಾಲ್ಕೂ ಕಡೆ ಮುಚ್ಚುವಂಥ ಗವಸು ಹೊಲಿದರು. ತಂತಿಗಳು ಹೋಗಲು ಮಾತ್ರ ಒಂದು ತೂತು, ಅದಕ್ಕೂ ಗುಂಡಿ ಹೊಲಿಗೆ. ಅಂಚಿಗೆ ನೀಲಿ ಪಟ್ಟಿ. ಅಷ್ಟು ಚಂದದ ಕೆಲಸವನ್ನು ಅವರು ಗಿರಾಕಿಗೂ ಮಾಡಿಕೊಟ್ಟಿರಲಿಕ್ಕಿಲ್ಲ. ತೊಡಿಸಿದ ಮೇಲೆ ಪೆಟ್ಟಿಗೆಯ ಉಸಿರೂ ಕೇಳಿಸಲಿಲ್ಲ.

ಅದರೊಳಗೆ ಹಳೆಯ ಡಿಸ್ಕು ಸದ್ದುಗಳನ್ನು ಒಂದೊಂದಾಗಿ ಕೊಡುತ್ತಿತ್ತು. ನೀರು ಬಂತು, ಫ್ಯಾನು ಬಂತು, ಕತ್ತರಿ, ಪೊರಕೆ, ಪಾರಿವಾಳ ಬಂದವು. ಬಟಾಣಿ ಮಾತ್ರ ಉಳಿದಿತ್ತು. ದೊಡ್ಡಪ್ಪ ಅದನ್ನು ಬೇಕೆಂದೇ ಉಳಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ಪೆಟ್ಟಿಗೆ ಕೇಳಿದ್ದಕ್ಕೆ ಉತ್ತರಿಸಲಿಲ್ಲ. ಮಾವ ಬಂದು ಗವಸನ್ನು ನೋಡಿ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು. ಬಿಚ್ಚಿದರೆ ಒಳಗಿನಿಂದ ಬೇಕರಿಯ ಒಲೆಯ ಹಾಗೆ ಬಿಸಿಗಾಳಿ ಬಂತು. ಯಂತ್ರ ಬಿಸಿಯಾಗುತ್ತದೆ, ಅದಕ್ಕೆ ಗಾಳಿಯಾಡಬೇಕು ಎಂಬುದು ಮಾವನಿಗೆ ಎಷ್ಟು ಸಹಜವಾದ ಮಾತೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂದೇ ಅವರಿಗೆ ತೋಚಿರಲಿಲ್ಲ. ಪೆಟ್ಟಿಗೆಯ ಉಳಿದ ಡಿಸ್ಕುಗಳು ತಣ್ಣಗಾದ ಮೇಲೆ ಎದ್ದವು. ಹಳೆಯದು ಏಳಲಿಲ್ಲ. ಟಕ್ ಎಂದೂ ಅನ್ನಲಿಲ್ಲ. ಅದು ಹೊರಗಿನಿಂದ ಸಿಕ್ಕಿಸಿದ್ದು, ಮತ್ತೆ ಕಟ್ಟಲು ಅಳಿಯನ ಲೆಕ್ಕಕ್ಕೆ ಸೇರಿರಲಿಲ್ಲ.

"ಬಟಾಣಿ ಈ ಕಡೆ ಬಂದಿದೆ ತಾನೇ ಭಾವ?"

"ಇಲ್ಲ."

"ಮೊದಲು ಅದನ್ನೇ ತಾನೇ ಹಾಕಬೇಕಿತ್ತು?"

"ಒಳ್ಳೆ ಅರಳೆ ಮೇಲಿನ ಪದರಕ್ಕೆ ಬರೋದು ಕಣಯ್ಯ. ಮೇಲಿನ ಪದರ ಕೊನೆಗೆ ಹಾಕೋದು. ಅದೂ ಹೊಲಿಗೆ ಯಾವುದು ಅಂತ ತೀರ್ಮಾನ ಆದ ಮೇಲೆ." ದೊಡ್ಡಪ್ಪ ಗವಸಿನ ನೀಲಿ ಅಂಚನ್ನು ಮಡಚುತ್ತ, ಬಿಚ್ಚುತ್ತ ಇದ್ದರು. "ನೋಡಿ ಆರಿಸಬೇಕು ಅಂತ ನೀನೇ ಹೇಳಿದ್ದೆ."

ಮಾವನ ಬಾಯಲ್ಲಿ ತಯಾರಾಗಿ ನಿಂತಿದ್ದ ಬೈಗುಳ ಹಾಗೇ ಹಿಂದಕ್ಕೆ ಹೋಯಿತು. ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆಯುವವರೊಬ್ಬರ ಹತ್ತಿರ ಹೋದರು. ಕೆಲವು ದಿನ ಬಿಟ್ಟು ಅದೇ ಕರ್ಚೀಫಿನಲ್ಲಿ ವಾಪಸ್ ತಂದರು. ಆಗುವುದಿಲ್ಲವಂತೆ.

ದೊಡ್ಡಪ್ಪ ಅಂದು ಮೆಟ್ಟಿಲನ್ನು ಸದ್ದು ಮಾಡಿಕೊಂಡೇ ಹತ್ತಿದರು. ದೊಡ್ಡಮ್ಮ ಹಾಸಿಗೆಯ ಮೇಲೆ ಕುಳಿತು ಬಟ್ಟೆ ಮಡಚುತ್ತಿದ್ದರು. ದೊಡ್ಡಪ್ಪ ನಡೆದದ್ದನ್ನು ಪೂರ್ತಿ ಹೇಳಿದರು, ಗವಸು, ಪದರ, ಎಲ್ಲ. ದೊಡ್ಡಮ್ಮ ಮಡಚುತ್ತಿದ್ದ ಟವೆಲನ್ನು ಮುಗಿಸಿ, ಅದರ ಮೇಲೆ ಅಂಗೈಯನ್ನು ಸ್ವಲ್ಪ ಹೊತ್ತು ಇಟ್ಟು, "ಹೋಗ್ಲಿ ಬಿಡಿ. ಅಮ್ಮನೇ ಇಲ್ವಲ್ಲ" ಎಂದರು. ಬೈದಿದ್ದರೆ ದೊಡ್ಡಪ್ಪ ತಡೆದುಕೊಳ್ಳುತ್ತಿದ್ದರು. ಮುಂದಿನ ವಾರವೆಲ್ಲ ಅವರು ಒಂದು ಹಾಸಿಗೆಯನ್ನೂ ಮಾರಲಿಲ್ಲ. ಬಂದವರು ಮಲಗಿದರೆ ಯಾರ ಉಸಿರೂ ಅವರಿಗೆ ಕೇಳಿಸುತ್ತಿರಲಿಲ್ಲವಂತೆ.

ಮಾವನಿಗೂ ಮನಸ್ಸು ಚುಚ್ಚುತ್ತಿತ್ತೆಂದು ಕಾಣುತ್ತದೆ. ಅವರೇ ಒಂದೇ ಅಳತೆಯ ಎರಡು ಹೊಸ ಡಿಸ್ಕುಗಳನ್ನು ತಂದು, ಯಾರನ್ನೂ ಕೇಳದೆ ಅತ್ತೆಯನ್ನು ಹಾಕಿದರು. ಉಳಿದ ಸದ್ದುಗಳು, ಮದುವೆಯ ಫೋಟೋಗಳು, ಮನೆಯ ಕಾಗದಗಳು, ಎಲ್ಲವನ್ನೂ ತುಂಬಿದರು. ಪೆಟ್ಟಿಗೆ ಮೊದಲಿನ ಜಾಗದಲ್ಲೇ, ಹಾಸಿಗೆಯ ಪಕ್ಕದಲ್ಲಿ, ಬರಿ ಮೈಯಲ್ಲಿ ಕೂತಿತು. ಎಲ್ಲ ಸರಿಯಾಗಿ ಕೂತಿದೆಯೇ ಎಂದು ನೋಡಲು ಮಾವ ಅದರ ಮೊದಲನೆಯ ತಪಾಸಣೆ ಶುರುಮಾಡಿದರು. ಆಗ ಮಧ್ಯಾಹ್ನ. ದೊಡ್ಡಮ್ಮ ಮಲಗಿದ್ದರು, ಎಂದರೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದರು.

ಪೆಟ್ಟಿಗೆಯ ಒಳಗಿನಿಂದ ಕರ್ ಕರ್ ಎಂದು ಸಣ್ಣ ಸದ್ದು ಬರತೊಡಗಿತು. ಅದು ಬಟಾಣಿಯ ಸದ್ದಿನ ಹಾಗೆ ಇರಲಿಲ್ಲ. ಯಾವುದರ ಹಾಗೂ ಇರಲಿಲ್ಲ. ಒಂದು ಹಲ್ಲು ಒಣಗಿದ ರೊಟ್ಟಿಯ ಚೂರನ್ನು ಬಹಳ ತಾಳ್ಮೆಯಿಂದ ಕಡಿಯುತ್ತಿರುವ ಹಾಗೆ ಎನ್ನಬಹುದೇನೋ.

"ಏನ್ ಮಾಡ್ತಿದೆ ಕಣೋ ಅದು?" ದೊಡ್ಡಮ್ಮ ತಲೆ ಎತ್ತದೆ ಕೇಳಿದರು.

"ಗಸ್ತು ತಿರುಗ್ತಾ ಇದೆ ಅಕ್ಕ. ಇರೋ ಫೈಲನ್ನೆಲ್ಲ ಒಂದೊಂದಾಗಿ ತಟ್ಟಿ, ಸರಿಯಾಗಿದ್ದೀಯಾ ಅಂತ ಕೇಳುತ್ತೆ. ಇಲ್ಲ ಅಂದ್ರೆ ಪಕ್ಕದ ಡಿಸ್ಕಿಂದ ತಂದು ಸರಿಮಾಡುತ್ತೆ."

"ಎಲ್ಲಾನೂ?"

"ಎಲ್ಲಾನೂ. ಕೊನೆಯದು ಮುಗಿಯೋ ತನಕ."

"ಲೈನ್ ಇದೆಯಾ ಅಂತ" ಎಂದರು ದೊಡ್ಡಮ್ಮ, ಯಾರಿಗೂ ಅಲ್ಲ. ಪಕ್ಕಕ್ಕೆ ತಿರುಗಿ ಪೆಟ್ಟಿಗೆಗೆ ಮುಖ ಮಾಡಿ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡರು. ಮಾವ ಕೇಬಲ್‌ಗಳನ್ನು ಸುತ್ತಿ ಚೀಲಕ್ಕೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಮಲಗಿದ್ದರು.

ಮಾವ ಕೆಳಗೆ ಬಂದು ದೊಡ್ಡಪ್ಪನ ತೋಳು ಹಿಡಿದು ಮೇಲೆ ಕರೆದೊಯ್ದರು. ದೊಡ್ಡಪ್ಪ ಸ್ಟೂಲನ್ನು ಎಳೆದುಕೊಂಡು ಹೆಂಡತಿಯ ತಲೆಯ ಹತ್ತಿರ ಕುಳಿತರು. ಅಷ್ಟು ಹತ್ತಿರ ಕುಳಿತು ಅವರ ಉಸಿರು ಕೇಳಿದ್ದು ಅದೇ ಮೊದಲೆಂದು ಅವರಿಗೆ ಹೊಳೆದದ್ದು ಆಗ. ಊರಿನವರ ಉಸಿರೆಲ್ಲ ಕೇಳಿದ್ದರು. ಹೆಂಡತಿ ಮಲಗಲು ಹೊರಟರೆ ಮಾತ್ರ ತುದಿಬೆರಳಿನಲ್ಲಿ ಹೊರಗೆ ಬಂದುಬಿಡುತ್ತಿದ್ದರು. ಉಸಿರು ಹೊಟ್ಟೆಯಲ್ಲಿತ್ತು. ಹೊರಗೆ ಹಾಲಿನ ಗಾಡಿ ಹೋಯಿತು, ಯಾರೋ ಯಾರನ್ನೋ ಕೂಗಿದರು, ಬಿಸಿಲಿನ ಕೋಲು ಗೋಡೆಯಿಂದ ನೆಲಕ್ಕೆ ಇಳಿದು ಪೆಟ್ಟಿಗೆಯ ಮೇಲೆ ಹತ್ತಿತು. ದೊಡ್ಡಮ್ಮ ಅಲುಗಲಿಲ್ಲ. ತಪಾಸಣೆ ಮುಗಿದು ಕರ್ ಕರ್ ನಿಂತ ಮೇಲೆ ಎದ್ದು, ಎಷ್ಟು ಹೊತ್ತಾಯಿತು ಎಂದು ಕೇಳಿದರು.

ಮರುದಿನ ತಪಾಸಣೆ ಇರಲಿಲ್ಲ, ನಿದ್ದೆಯೂ ಬರಲಿಲ್ಲ. ದಿನಾ ಗಸ್ತು ತಿರುಗಿಸು ಎಂದು ದೊಡ್ಡಪ್ಪ ಮಾವನಿಗೆ ಫೋನು ಮಾಡಿದರು. ದಿನಾ ಬೇಡ, ಡಿಸ್ಕು ಸುಮ್ಮನೆ ಸವೆಯುತ್ತದೆ, ತಿಂಗಳಿಗೊಮ್ಮೆ ಸಾಕು, ಬೇಕಿದ್ದರೆ ವಾರಕ್ಕೊಮ್ಮೆ ಎಂದರು ಮಾವ. ದೊಡ್ಡಪ್ಪ ಬಿಡುವವರೇ? ವಾರದ ಗಸ್ತಿನ ದಿನ ರೆಕಾರ್ಡರ್ ಹಿಡಿದು ಆ ಸದ್ದನ್ನು ತುಂಬಿಕೊಂಡು, ಅದೇ ಪೆಟ್ಟಿಗೆಯಲ್ಲಿಟ್ಟು, ಮರುದಿನ ಸ್ಪೀಕರಿನಿಂದ ಹಾಕಿದರು. ಈ ಸಲ ಹೊರಗೆ ಹೋಗದೆ ಸ್ಟೂಲಿನ ಮೇಲೆ ಕುಳಿತರು. ದೊಡ್ಡಮ್ಮ ಕಣ್ಣು ಮುಚ್ಚಿದರು. ಮುಖ ಶಾಂತವಾಯಿತು. ಬಾಗಿಲಿಂದ ನೋಡುವವರಿಗೆ ಅದು ನಿದ್ದೆಯೇ. ಆದರೆ ಉಸಿರು ಎದೆಯಲ್ಲೇ ಆಡುತ್ತಿತ್ತು.

"ನೀನು ಮಲಗಿಲ್ಲ" ಎಂದರು ದೊಡ್ಡಪ್ಪ.

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. "ಇದು ರೆಕಾರ್ಡು. ಅಲ್ಲಿ ಯಾರೂ ಇಲ್ಲ."

"ಬಟಾಣಿನೂ ರೆಕಾರ್ಡೇ ಆಗಿತ್ತಲ್ಲ. ಅದಕ್ಕೆ ಮಲಗ್ತಿದ್ದೆ."

ದೊಡ್ಡಮ್ಮ ಕಣ್ಣು ತೆರೆದರು. ಸ್ಪೀಕರಿನಲ್ಲಿ ಗಸ್ತು ನಡೆದೇ ಇತ್ತು.

"ಫೋನಲ್ಲಿ ಕೇಳಿದ ದಿನ ಮಲಗಿದ್ದೆ. ಅಮ್ಮ ಆ ಕಡೆ ಎಚ್ಚರ ಇದ್ಲು. ಆಮೇಲಿಂದ ಕಣ್ಣು ಮುಚ್ಚಿಕೊಂಡಿರ್ತಿದ್ದೆ, ಅಷ್ಟೇ. ನೀವು ಅಷ್ಟು ಕಷ್ಟಪಟ್ಟು ಹಿಡ್ಕೊಂಡು ಬಂದಿದ್ದಿರಿ."

ದೊಡ್ಡಪ್ಪ ಸ್ಪೀಕರನ್ನು ನಿಲ್ಲಿಸಿದರು. ಕೋಣೆ ರಜಾಯಿಯ ಒಳಗಿನ ಹಾಗೆ ಮೌನವಾಯಿತು.

"ಡ್ಯೂಟಿ ಇದ್ದಾಗ ಹೇಗೆ ಮಲಗ್ತಿದ್ದೆ ಹಾಗಾದ್ರೆ? ಕೆಳಗೆ ಅಷ್ಟು ಗದ್ದಲ."

"ಅದಕ್ಕೇ ಮಲಗ್ತಿದ್ದೆ. ರಾತ್ರಿ ಎಲ್ಲಾ ನಾನು ಎಚ್ಚರ ಇದ್ದೆ, ಈಗ ಕೆಳಗೆ ಇನ್ನೊಬ್ರು ಇದ್ದಾರೆ, ಇನ್ನು ನಾನು ಬಿಡಬಹುದು ಅಂತ. ನಿಮ್ಮ ಬಿಲ್ಲಿನ ಸದ್ದು ಕೇಳ್ತಿದ್ರೆ ಬೋರ್ಡನ್ನ ಮುಂದಿನ ಪಾಳಿಯವರಿಗೆ ಒಪ್ಪಿಸಿ ಬಂದ ಹಾಗೆ ಇರ್ತಿತ್ತು." ಅವರು ಎದ್ದು ಕುಳಿತರು. "ಈಗ ಎಲ್ರೂ ಮೆಲ್ಲಗೆ ನಡೀತೀರಿ. ಆಸ್ಪತ್ರೆಲಿ ಎಲ್ರೂ ಮೆಲ್ಲಗೆ ನಡೀತಿದ್ದಾರೆ ಅಂದ್ರೆ ಏನೋ ಆಗಿದೆ ಅಂತ ಅರ್ಥ, ಗೊತ್ತಾ? ನಾನು ದಿನಾ ಮಲಗಿಕೊಂಡು, ಏನಾಗಿದೆ, ಯಾರಿಗಾಗಿದೆ ಅಂತ ಕಾಯ್ತಾ ಇರ್ತೀನಿ."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಕೇಳಿದ್ರೆ ತಾನೇ. ಹಾಸಿಗೆ ಹೇಗಿದೆ ಅಂತ ಮಾತ್ರ ಕೇಳ್ತಿದ್ರಿ. ಹಾಸಿಗೆ ಎಲ್ಲಾ ಚೆನ್ನಾಗೇ ಇತ್ತು."

ದೊಡ್ಡಪ್ಪ ಎದ್ದು ಹೋಗಿ ಬಾಗಿಲಿನ ರಜಾಯಿಯನ್ನು ಬಿಚ್ಚಿದರು. ಅದರ ಹಿಂದಿನ ಬಾಗಿಲು ಬೇರೆ ಬಣ್ಣದಲ್ಲಿತ್ತು. ಬಿಸಿಲು ಕಾಣದೆ ಅಲ್ಲಿ ಮಾತ್ರ ಬಣ್ಣ ಹೊಸದಾಗಿ ಉಳಿದಿತ್ತು. ಅಂದೇ ಗೋದಾಮಿಗೆ ಹೋಗಿ ಬಿಲ್ಲನ್ನು ಹೆಗಲ ಮೇಲೆ ಹೊತ್ತು ತಂದರು. ಬೇಕರಿಯವನು, ಯಾರ ಮೇಲೆ ಯುದ್ಧಕ್ಕೆ ಹೊರಟಿರಿ ಎಂದು ಕೇಳಿದನಂತೆ. ದೊಡ್ಡಪ್ಪ ನಿಲ್ಲದೆ ನಡೆದರು. ಅಂಗಡಿಯಲ್ಲಿ ಹಳೆಯ ಕೊಕ್ಕೆಗೆ ಬಿಲ್ಲನ್ನು ತೂಗುಹಾಕಿ, ತಂತಿ ಬಿಗಿಮಾಡಿ, ಒಂದು ಗುಡ್ಡೆ ಅರಳೆ ಸುರಿದುಕೊಂಡರು. ಮೊದಲ ಹೊಡೆತಕ್ಕೆ ಕಪಾಟಿನ ಗಾಜು ಗಲ್ ಎಂದಿತು. ಎರಡನೆಯದಕ್ಕೆ ಅರಳೆ ಗುಡ್ಡೆಯಿಂದ ಎದ್ದು, ಬಿಡಿಬಿಡಿಯಾಗಿ, ಎಲ್ಲರ ತಲೆಯ ಮೇಲೆ ನಿಧಾನವಾಗಿ ಇಳಿಯತೊಡಗಿತು. ಹಿಂದಿನ ಕೋಣೆಯಲ್ಲಿ ಹಾಸಿಗೆ ಪರೀಕ್ಷೆಗೆ ಮಲಗಿದ್ದ ಗಿರಾಕಿ ಬೆಚ್ಚಿ ಎದ್ದು ಕುಳಿತ. ಮೇಲಿನ ಕೋಣೆಯಲ್ಲಿ ಏನೂ ಅಲುಗಲಿಲ್ಲ. ದೊಡ್ಡಪ್ಪ ಸಂಜೆಯವರೆಗೆ ಕೈ ನಿಲ್ಲಿಸಲಿಲ್ಲ.

ಆ ವಾರ ಬಂದ ಮಾವ, ಕೊನೆಗೆ ಸಿಸ್ಟಂ ಯಾವುದೆಂದು ತೀರ್ಮಾನವಾಯಿತೇ, ಇನ್ನೂ ಮಲಗಿ ನೋಡುವುದಿದೆಯೇ ಎಂದು ಕೆಣಕಿದರು.

"ಅತ್ತೆನೇ ಇರ್ಲಿ. ಗಸ್ತು ಮಾತ್ರ ಅಂಗಡಿ ರಜೆ ದಿನ ಇಡು. ಅವತ್ತು ನಾನು ಕೆಳಗೆ ಇರಲ್ಲ."

ಮಾವ ಹಾಗೇ ಇಟ್ಟುಕೊಟ್ಟರು. ಈಗ ಆರು ದಿನ ಬಿಲ್ಲು, ಏಳನೆಯ ದಿನ ಪೆಟ್ಟಿಗೆ. ನೀಲಿ ಅಂಚಿನ ಗವಸನ್ನು ದೊಡ್ಡಮ್ಮ ಎಸೆಯಲು ಬಿಡಲಿಲ್ಲ. ಅದರೊಳಗೆ ಅರಳೆ ತುಂಬಿಸಿ ತಮ್ಮ ದಿಂಬು ಮಾಡಿಕೊಂಡಿದ್ದಾರೆ. ತಂತಿಗೆಂದು ಬಿಟ್ಟ ತೂತಿಗೆ ಗುಂಡಿ ಹಾಕಿದ್ದಾರೆ.

ರಜೆಯ ದಿನ ಮಧ್ಯಾಹ್ನ ಅವರ ಮನೆಗೆ ಹೋದರೆ ಬಾಗಿಲು ತೆರೆದೇ ಇರುತ್ತದೆ. ಮೇಲೆ ಪೆಟ್ಟಿಗೆ ಕರ್ ಕರ್ ಎಂದು ಒಂದೊಂದೇ ಫೈಲನ್ನು ತಟ್ಟಿ ಕೇಳುತ್ತಿರುತ್ತದೆ. ಅದರಲ್ಲಿ ನೀರು ಇದೆ, ಪಾರಿವಾಳ ಇದೆ, ಮದುವೆಯ ಫೋಟೋ ಇದೆ. ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ. ದೊಡ್ಡಪ್ಪ ದಬ್ಬಣ ಹಿಡಿದು ಸ್ಟೂಲಿನ ಮೇಲೆ ಕುಳಿತಿರುತ್ತಾರೆ, ಹೆಂಡತಿಯ ಉಸಿರನ್ನು ಕೇಳಲು. ಆದರೆ ಅರ್ಧ ಹೊಲಿಗೆಯಲ್ಲೇ ಅವರ ಕೈ ನಿಂತಿರುತ್ತದೆ, ಗದ್ದ ಎದೆಗೆ ತಾಗಿರುತ್ತದೆ. ಬಿಸಿಲಿನ ಕೋಲಿನಲ್ಲಿ ಅರಳೆಯ ಎಳೆಯೊಂದು ಬಂದು ಅವರ ಮೀಸೆಯ ಮೇಲೆ ಕೂತು, ಏರುತ್ತ ಇಳಿಯುತ್ತ ಇರುತ್ತದೆ.